ದೀಪಸ್ತಂಭ ಕೊಳ್ಳುವ ಮೊದಲು ಕಲ್ಲು ಹೂಳಿ

ನಮಸ್ಕಾರ. ಮನೆಯಲ್ಲಿ ಜಪಾನಿ ಶೈಲಿಯ ತೋಟ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಅಂಗಡಿಗೆ. ಕಲ್ಲಿನ ದೀಪಸ್ತಂಭ, ಕೆಂಪು ಬಣ್ಣದ ಪುಟ್ಟ ಸೇತುವೆ, ಜೊತೆಗೆ ಜಪಾನಿಗಿಂತ ಚೀನಾಕ್ಕೇ ಹೆಚ್ಚು ಸಲ್ಲಬೇಕಾದ ನಗುವ ಬುದ್ಧ. ಇಷ್ಟು ಸೇರಿದರೆ ತೋಟವಾಯಿತು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಎಲ್ಲಿ ಕುಳಿತು ನೋಡುತ್ತೇವೆ ಎಂಬುದು ಮೊದಲು ನಿರ್ಧಾರವಾಗಬೇಕು.

ಕ್ಯೋಟೊ ನಗರದ ರ್ಯೋವಾನ್‌ಜಿ ದೇವಾಲಯದ ಕಲ್ಲಿನ ತೋಟವನ್ನೇ ನೋಡಿ. ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಳದಲ್ಲಿ ಕುಂಟೆಯಿಂದ ಗೆರೆ ಎಳೆದ ಬಿಳಿ ಹರಳು, ಅಂದರೆ ಸಣ್ಣ ಜಲ್ಲಿ, 15 ಕಲ್ಲುಗಳು, ಅವುಗಳ ಬುಡದಲ್ಲಿ ಒಂದಿಷ್ಟು ಪಾಚಿ. ಅದರೊಳಗೆ ಯಾರೂ ಓಡಾಡುವುದಿಲ್ಲ. ಜಗುಲಿಯ ಮೇಲೆ ಎಲ್ಲಿ ಕುಳಿತರೂ ಒಂದಾದರೂ ಕಲ್ಲು ಮರೆಯಾಗುವಂತೆ ಅವುಗಳನ್ನು ಜೋಡಿಸಲಾಗಿದೆ.

ಆದರೆ ಮನೆಗೆ ಮಾದರಿಯಾಗಬೇಕಾದದ್ದು ಇದಲ್ಲ, ಅದೇ ಊರಿನ ಹಳೆಯ ವರ್ತಕರ ಮನೆಗಳ ತ್ಸುಬೊನಿವಾ ಎಂಬುದು ನನ್ನ ಖಚಿತ ಅಭಿಪ್ರಾಯ. ಬೀದಿಗೆ ಕಿರಿದಾದ ಮುಖವಿದ್ದು ಹಿಂದಕ್ಕೆ ಉದ್ದವಾಗಿ ಚಾಚಿದ ಆ ಮನೆಗಳ ನಡುವೆ ಬೆಳಕು ಮತ್ತು ಗಾಳಿಗಾಗಿ ಬಿಟ್ಟ ಕೆಲವೇ ಅಡಿಗಳ ಅಂಗಳವೇ ಈ ತೋಟ. ತೊಟ್ಟಿಮನೆ ಕಂಡವರಿಗೆ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ. ಒಂದು ನೀರಿನ ಕಲ್ಲುಬಾನಿ, ಒಂದೆರಡು ಕಲ್ಲು, ನೆರಳಿಗೆ ಒಗ್ಗುವ ಜರೀಗಿಡ, ಅಷ್ಟೇ. ಫ್ಲ್ಯಾಟಿನ ಬಾಲ್ಕನಿಗೂ ಇದು ಒಪ್ಪುತ್ತದೆ.

ದೀಪಸ್ತಂಭವೂ ಅಲಂಕಾರಕ್ಕೆ ಹುಟ್ಟಿದ್ದಲ್ಲ. ದೇವಾಲಯಗಳಲ್ಲಿದ್ದ ಅದನ್ನು ಅತಿಥಿಗೆ ವಿಧಿಬದ್ಧವಾಗಿ ಚಹಾ ನೀಡುವ ಚಹಾಗೋಷ್ಠಿಯ ಗುರುಗಳು ತಮ್ಮ ತೋಟಕ್ಕೆ ತಂದದ್ದು, ರಾತ್ರಿ ಬರುವ ಅತಿಥಿಗೆ ಹಾಸುಗಲ್ಲಿನ ದಾರಿಯೂ ಕೈ ತೊಳೆಯುವ ಬಾನಿಯೂ ಕಾಣಲೆಂದು. ದಾರಿಯೇ ಇಲ್ಲದ ಮೂಲೆಯಲ್ಲಿ ಅದಕ್ಕೇನು ಕೆಲಸ?

ಕಲ್ಲಿನ ವಿಷಯಕ್ಕೆ ಬಂದರೆ, 11ನೇ ಶತಮಾನದ್ದೆಂದು ಪರಿಗಣಿಸಲಾಗುವ ‘ಸಕುತೆಯ್ಕಿ’ ಎಂಬ ತೋಟಶಾಸ್ತ್ರದ ಗ್ರಂಥವು ಕಲ್ಲಿನ ಕೋರಿಕೆಯಂತೆ ನಡೆದುಕೊಳ್ಳಬೇಕೆನ್ನುತ್ತದೆ. ಮೊದಲು ಮುಖ್ಯ ಕಲ್ಲನ್ನು ನಿಲ್ಲಿಸಿ, ಉಳಿದವನ್ನು ಅದಕ್ಕೆ ಹೊಂದುವಂತೆ ಇಡಬೇಕು. ಕಲ್ಲನ್ನು ನೆಲದ ಮೇಲೆ ಇಟ್ಟುಬಿಟ್ಟರೆ ಲಾರಿಯಿಂದ ಈಗ ತಾನೇ ಇಳಿಸಿದಂತೆ ಕಾಣುತ್ತದೆ. ಅದರ ಅತಿ ಅಗಲವಾದ ಭಾಗ ಮಣ್ಣಿನ ಮಟ್ಟಕ್ಕೆ ಬರುವಷ್ಟು ಹೂತಾಗಲೇ ಅದು ನೆಲದಿಂದಲೇ ಎದ್ದದ್ದೆನಿಸುತ್ತದೆ. ಇದಕ್ಕೆ ಬೆಲೆಬಾಳುವ ಕಲ್ಲು ಬೇಕಿಲ್ಲ, ಗುದ್ದಲಿ ಹಿಡಿಯುವ ತಾಳ್ಮೆ ಬೇಕು.

ಹರಳಿನ ಆಯ್ಕೆಯಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ಕ್ಯೋಟೊದ ಪ್ರಸಿದ್ಧ ಶಿರಕಾವಾ ಹರಳು ಸವೆದ ಗ್ರಾನೈಟ್‌ನದು, ನಮ್ಮ ಕ್ವಾರಿಗಳ ಸಣ್ಣ ಜಲ್ಲಿಯೂ ಬಹುಮಟ್ಟಿಗೆ ಗ್ರಾನೈಟೇ. ಅಂಚು ಚೂಪಾಗಿರುವುದರಿಂದ ಕುಂಟೆಯಿಂದ ಎಳೆದ ಗೆರೆ ಅದರಲ್ಲಿ ನಿಲ್ಲುತ್ತದೆ, ನುಣ್ಣನೆಯ ಹೊಳೆಗಲ್ಲಿನಲ್ಲಿ ಉರುಳಿ ಅಳಿಸಿಹೋಗುತ್ತದೆ. ಬಿಳಿ ಅಮೃತಶಿಲೆಯ ಚೂರನ್ನು ಮಾತ್ರ ಬಿಸಿಲಿನ ಅಂಗಳಕ್ಕೆ ಹಾಕಬೇಡಿ, ಮಧ್ಯಾಹ್ನ ಅದರತ್ತ ಕಣ್ಣುಬಿಡಲಾಗುವುದಿಲ್ಲ.

ಪಾಚಿಯ ಆಸೆಯನ್ನು ಮಲೆನಾಡಿನವರಿಗೆ ಬಿಟ್ಟು, ಬಯಲುಸೀಮೆಯವರು ತಗ್ಗಾಗಿ ಹರಡುವ ಯಾವುದಾದರೂ ಹಸಿರನ್ನು ನೆಡುವುದೇ ಮೇಲು. ಇನ್ನು ಗುಲ್‌ಮೊಹರ್ ಮರದ ಕೆಳಗಂತೂ ಹರಳಿನ ತೋಟ ಬೇಡವೇ ಬೇಡ: ಅದರ ಸಣ್ಣ ಸಣ್ಣ ಎಲೆಗಳು ಜಲ್ಲಿಯ ಸಂದಿಗೆ ಇಳಿದರೆ ಪೊರಕೆಗೂ ಸಿಗವು, ಕುಂಟೆಗೂ ಸಿಗವು.