ಜಾಲಿ ಟೊಂಗೆಗೆ ಹಗುರ ಮಷಿನ್

ಕೇಳುಗ ಬಾಂಧವರೆ, ನಮಸ್ಕಾರ.

ಸುಗ್ಗಿ ಮುಗಿದು ಹೊಲ ಖಾಲಿಯಾಯಿತೆಂದರೆ ನಮ್ಮ ಕುಷ್ಟಗಿ, ಗಂಗಾವತಿ, ಸಿಂಧನೂರು ಕಡೆ ಹಳ್ಳದ ದಂಡೆಯಲ್ಲಿ, ಬದುವಿನ ಮೇಲೆ ಮರ ಕೊಯ್ಯುವ ಮಷಿನ್ನಿನ ಸದ್ದು ಶುರುವಾಗುತ್ತದೆ. ಮೊದಲು ಅಲ್ಲಿ ಕೊಡಲಿ ಏಟು ಕೇಳುತ್ತಿತ್ತು. ಮನೆಗೆ ಗ್ಯಾಸ್ ಬಂದಿದೆ, ನಿಜ. ಆದರೆ ಜಳಕದ ನೀರಿಗೆ, ಮದುವೆ ಅಡಿಗೆಗೆ, ಮಂಡಕ್ಕಿ ಭಟ್ಟಿಗೆ ಇವತ್ತಿಗೂ ಕಟ್ಟಿಗೆ ಬೇಕು. ಮುಂಗಾರು ಬೀಳುವ ಮುಂಚೆ ವರ್ಷದ ಕಟ್ಟಿಗೆ ಒಟ್ಟಿಕೊಳ್ಳುವ ಮನೆಗಳು ನಮ್ಮೂರಲ್ಲಿ ಇನ್ನೂ ಬಹಳ ಇವೆ. ಅಂಥವರು ಚೈನ್ ಸಾ, ಅಂದರೆ ಹಲ್ಲಿನ ಚೈನು ಓಡಿ ಮರ ಕೊಯ್ಯುವ ಈ ಮಷಿನ್, ಕೊಳ್ಳಲು ಪೇಟೆಗೆ ಹೋಗುವ ಮುಂಚೆ ನನ್ನ ಮಾತು ಕೇಳಲಿ ಎಂಬ ಆಸೆಯಿಂದ ಇಲ್ಲಿಗೆ ಬಂದಿದ್ದೇನೆ. ನಾನು ಕುಷ್ಟಗಿ ತಾಲೂಕಿನ ರೈತ. ಬೀಳುಬಿದ್ದ ಮೂರು ಎಕರೆ ಹೊಲದ ಜಾಲಿಯನ್ನು ಎರಡು ಬೇಸಿಗೆ ಸವರಿದವನು.

ನಮ್ಮಲ್ಲಿ ಕಟ್ಟಿಗೆ ಎಂದರೆ ಬಹುಪಾಲು ಬಳ್ಳಾರಿ ಜಾಲಿ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದು ಅಮೆರಿಕ ಖಂಡದ ಮರ. 1877ರಲ್ಲಿ ಜಮೈಕಾದಿಂದ ಬೀಜ ತರಿಸಿ ಕಡಪಾ ಸೀಮೆಯಲ್ಲಿ ಹಾಕಿದರು. ಆಗ ಕಡಪಾ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಒಣನೆಲಕ್ಕೆ ಉರುವಲಾಗಲಿ ಎಂದು ತಂದ ಮರ ಈಗ ಕಾಲುವೆ ದಂಡೆ, ಕೆರೆ ಅಂಗಳ, ಬೀಳು ಹೊಲ ಎಲ್ಲವನ್ನೂ ಹಿಡಿದಿದೆ. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಕಟ್ಟಿಗೆ ಮಾತ್ರ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಈ ಮರ ಬೆಳೆಯುವ ರೀತಿ ನೋಡಿದರೆ ಎಂಥ ಮಷಿನ್ ಬೇಕು ಎಂಬುದು ತಾನೇ ತಿಳಿಯುತ್ತದೆ. ತೇಗದ ಹಾಗೆ ಒಂದೇ ನೆಟ್ಟನೆ ಬೊಡ್ಡೆ ಇದಕ್ಕಿಲ್ಲ. ನೆಲದಿಂದಲೇ ನಾಲ್ಕೈದು ಕಾಂಡ ಏಳುತ್ತವೆ, ಒಂದೊಂದು ಕಾಂಡಕ್ಕೆ ಹತ್ತಾರು ಟೊಂಗೆ, ಟೊಂಗೆಗೆ ಟೊಂಗೆ ಹೆಣೆದುಕೊಂಡು ಬೇಲಿಯಂತಾಗಿರುತ್ತದೆ. ಗೆಣ್ಣುಗೆಣ್ಣಿಗೂ ಮುಳ್ಳು. ಕಾಂಡವನ್ನು ಬುಡದಲ್ಲಿ ಕೊಯ್ದು ಕೆಡವಲು ಎರಡು ನಿಮಿಷ ಸಾಕು. ಅದರ ಟೊಂಗೆ ಸವರಿ, ಗೇಣುಗೇಣು ತುಂಡು ಮಾಡಿ, ಮುಳ್ಳು ಒಂದು ಕಡೆ, ಕಟ್ಟಿಗೆ ಒಂದು ಕಡೆ ಹಾಕುವಷ್ಟರಲ್ಲಿ ತಾಸು ಕಳೆದಿರುತ್ತದೆ. ಅಂದರೆ ದಿನದ ಕೆಲಸದಲ್ಲಿ ಮುಕ್ಕಾಲು ಪಾಲು ಸವರುವುದೇ. ಆ ಮುಕ್ಕಾಲು ದಿನ ಮಷಿನ್ ನೆಲದ ಮೇಲೆ ಇರುವುದಿಲ್ಲ, ನಿಮ್ಮ ಕೈಯಲ್ಲೇ ಇರುತ್ತದೆ. ಒಮ್ಮೆ ಮೊಳಕಾಲ ಎತ್ತರಕ್ಕೆ, ಒಮ್ಮೆ ಸೊಂಟದ ಎತ್ತರಕ್ಕೆ, ಒಮ್ಮೆ ಅಡ್ಡ ಮಲಗಿಸಿ, ಒಮ್ಮೆ ಕೆಳಗಿನಿಂದ ಮೇಲೆ. ಅದಕ್ಕೇ ನಾನು ಎಲ್ಲಕ್ಕಿಂತ ಮುಂಚೆ ತೂಕದ ಮಾತು ಎತ್ತುತ್ತೇನೆ.

ನಾನು ಮೊದಲು ತಂದದ್ದು 58 ಸಿಸಿಯ, 22 ಇಂಚು ಬಾರ್ ಇರುವ ದೊಡ್ಡ ಮಷಿನ್. ಬಾರ್ ಎಂದರೆ ಮುಂದಕ್ಕೆ ಚಾಚಿದ ಉಕ್ಕಿನ ಪಟ್ಟಿ, ಅದರ ಸುತ್ತ ಚೈನು ಓಡುತ್ತದೆ. ಅಂಗಡಿಯಲ್ಲಿ ಅದನ್ನೇ ಮುಂದಿಟ್ಟರು, ಬೆಲೆಯೂ ಕಡಿಮೆ ಇತ್ತು, ಊರಲ್ಲಿ ನಾಲ್ಕು ಜನ ಅದನ್ನೇ ಒಯ್ದಿದ್ದರು. ಪೆಟ್ರೋಲು, ಚೈನ್ ಎಣ್ಣೆ ತುಂಬಿ ಹತ್ತಿ ತೂಗುವ ಕಾಟಾದ ಮೇಲೆ ಇಟ್ಟು ನೋಡಿದೆ. 7 ಕಿಲೋ ದಾಟಿತು. ಮೊದಲ ದಿನ ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಕುಳಿತಾಗ ರೊಟ್ಟಿ ಮುರಿಯಲು ಬೆರಳು ಮಡಚುತ್ತಿರಲಿಲ್ಲ. ನಮ್ಮ ಕಾಕಾ ಪಕ್ಕದಲ್ಲಿ ಕುಳಿತಿದ್ದರು. ಐವತ್ತು ವರ್ಷ ಕೊಡಲಿ ಹಿಡಿದ ಕೈ ಅವರದು. ನನ್ನ ಕೈ ನೋಡಿ, "ತಮ್ಮಾ, ಬೊಡ್ಡಿ ಕಡಿಯೋ ಕೊಡ್ಲಿ ಬ್ಯಾರೆ, ಟೊಂಗಿ ಸವರೋ ಕೊಡ್ಲಿ ಬ್ಯಾರೆ. ಸಣ್ಣ ಕೊಡ್ಲಿಗೆ ಹಗುರ ಕಾವು ಹಾಕ್ತೀವಿ. ನಿನ್ನ ಮಷಿನ್‌ದಾಗ ಆ ಲೆಕ್ಕ ಇಲ್ಲೇನು?" ಎಂದರು. ಆ ಲೆಕ್ಕ ಮಷಿನ್ನಿನಲ್ಲೂ ಇದೆ. ಕೇಳದೆ ಕೊಂಡವನು ನಾನು.

ಮೂರನೆಯ ದಿನ ಇನ್ನೊಂದು ಪಾಠವಾಯಿತು. ಬಿದ್ದ ಮರದ ಒಳಗೆ ಮಷಿನ್ ತೂರಿಸಿ ಒಂದು ಟೊಂಗೆ ಕೊಯ್ಯುತ್ತಿದ್ದೆ. ಬಾರಿನ ತುದಿ ಎಲ್ಲಿದೆ ಎಂದು ನನಗೆ ಕಾಣುತ್ತಿರಲಿಲ್ಲ. 22 ಇಂಚು ಎಂದರೆ ಹತ್ತಿರ ಹತ್ತಿರ ಎರಡಡಿ. ಎಲೆಯ ಮರೆಯಲ್ಲಿದ್ದ ಇನ್ನೊಂದು ಟೊಂಗೆಗೆ ಆ ತುದಿ ತಾಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾರ್ ಮೇಲಕ್ಕೆ ಜಿಗಿದು ನನ್ನ ಮುಖದ ಕಡೆ ಬಂತು. ಎಡಗೈ ಮಣಿಕಟ್ಟು ಮುಂದಿನ ಗಾರ್ಡಿಗೆ ಬಡಿದು ಬ್ರೇಕ್ ಬಿತ್ತು, ಚೈನು ನಿಂತಿತು. ಹೆಗಲ ಮೇಲಿದ್ದ ಟವೆಲ್ ಹರಿದಿತ್ತು. ಅದನ್ನು ಇವತ್ತಿಗೂ ಎಸೆದಿಲ್ಲ.

ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ. ಬಾರಿನ ತುದಿಯ ಮೇಲಿನ ಕಾಲುಭಾಗ ಯಾವುದಕ್ಕಾದರೂ ತಾಗಿದರೆ, ಅಲ್ಲಿ ಮುಂದಕ್ಕೆ ಓಡುತ್ತಿರುವ ಚೈನು ಕಟ್ಟಿಗೆಯಲ್ಲಿ ಸಿಕ್ಕಿಕೊಂಡು ಇಡೀ ಮಷಿನ್ನನ್ನು ಹಿಂದಕ್ಕೆ, ಮೇಲಕ್ಕೆ ಎಸೆಯುತ್ತದೆ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ನಮ್ಮ ಕೈ ಅಷ್ಟು ಬೇಗ ಓಡುವುದಿಲ್ಲ. ಜಾಲಿಯ ಹೆಣಿಗೆಯೊಳಗೆ ಉದ್ದ ಬಾರ್ ಹಾಕುವುದು ಅಪಾಯ ಎನ್ನುವುದು ಇದಕ್ಕೇ. ಬಾರ್ ಗಿಡ್ಡ ಇದ್ದಷ್ಟೂ ತುದಿ ಕಣ್ಣಳತೆಯಲ್ಲಿ ಇರುತ್ತದೆ.

ಹಾಗಾದರೆ ಎಷ್ಟು ಗಿಡ್ಡ? ಸವರುವ ಜಾಲಿ ಟೊಂಗೆ ನಮ್ಮ ಮುಂಗೈ ದಪ್ಪ, ಹೆಚ್ಚೆಂದರೆ ತೊಡೆ ದಪ್ಪ. 12 ಇಂಚು ಬಾರ್ ಧಾರಾಳ ಸಾಕು. 14 ಇಂಚಿನದು ತೆಗೆದುಕೊಂಡರೆ ಕಾಂಡ ಕೆಡವಲೂ ಆಗುತ್ತದೆ. 16ರ ಮೇಲೆ ಹೋಗಬೇಡಿ. ಎಂಜಿನ್ 30ರಿಂದ 35 ಸಿಸಿ ಇರಲಿ. ಆ ಅಳತೆಯ ಒಳ್ಳೆಯ ಮಷಿನ್, ಬಾರ್ ಚೈನ್ ಬಿಟ್ಟು, 4 ಕಿಲೋ ಆಸುಪಾಸು ಬರುತ್ತದೆ. ಉದಾಹರಣೆಗೆ ಸ್ಟಿಲ್ ಕಂಪನಿಯ ಎಂಎಸ್ 170 ಎಂಬುದು 30.1 ಸಿಸಿ. ಅದೇ ತೆಗೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ, ಆ ವರ್ಗದ ಮಷಿನ್ ಬೇರೆ ಕಂಪನಿಯವೂ ಇವೆ. ಬಾರ್, ಚೈನ್, ಪೆಟ್ರೋಲು, ಎಣ್ಣೆ ಎಲ್ಲ ಸೇರಿ ಐದೂವರೆ ಕಿಲೋ ಒಳಗೆ ಇರಬೇಕು ಎಂಬುದು ನನ್ನ ಅಳತೆ. ಇದೇ ಕಂಪನಿ ಶುರುಮಾಡಿದ ಆಂಡ್ರಿಯಾಸ್ ಸ್ಟಿಲ್ ಅವರು 1926ರಲ್ಲಿ ಜರ್ಮನಿಯಲ್ಲಿ ಮಾಡಿದ ಕರೆಂಟಿನ ಚೈನ್ ಸಾ ಸುಮಾರು 48 ಕಿಲೋ ಇತ್ತು. ಹಿಡಿಯಲು ಇಬ್ಬರು ಬೇಕಿತ್ತು. ಅಷ್ಟು ಭಾರವನ್ನು ಈ ಅಳತೆಗೆ ಇಳಿಸಲು ಎಷ್ಟೋ ಜನ ದುಡಿದಿದ್ದಾರೆ. ಅವರು ಇಳಿಸಿಕೊಟ್ಟ ತೂಕವನ್ನು ನಾವು ಸುಮ್ಮನೆ ಮತ್ತೆ ಹೊರಬೇಕೆ?

ಅಂಗಡಿಯಲ್ಲಿ ಮಷಿನ್ ಬಂದ್ ಇರುವಾಗ ಎರಡೂ ಕೈಯಲ್ಲಿ ಹಿಡಿದು ನೋಡಿ. ಕೆಲಸ ಮಾಡುವ ಹಾಗೆ ಎಡಕ್ಕೆ ಬಲಕ್ಕೆ ಹೊರಳಿಸಿ. ಆಮೇಲೆ ಮುಂದಿನ ಹಿಡಿಕೆ ಒಂದನ್ನೇ ಹಿಡಿದು ತೂಗಿ. ಮೂತಿ ನೆಲಕ್ಕೆ ಜೋರಾಗಿ ಬಾಗಿದರೆ ಸಂಜೆವರೆಗೆ ಆ ಮೂತಿಯನ್ನು ಎತ್ತಿಹಿಡಿಯುವುದು ನಿಮ್ಮ ಮಣಿಕಟ್ಟು. ಮುಂದಿನ ಗಾರ್ಡನ್ನು ತಳ್ಳಿ ನೋಡಿ, ಚೈನ್ ಬ್ರೇಕ್ ಟಕ್ಕನೆ ಬೀಳಬೇಕು. ಹಿಡಿಕೆ ಮತ್ತು ಎಂಜಿನ್ ನಡುವೆ ಸ್ಪ್ರಿಂಗ್ ಅಥವಾ ರಬ್ಬರ್ ಇದೆಯೇ ಕೇಳಿ. ಇಲ್ಲದಿದ್ದರೆ ನಡುಕ ನೇರ ಎಲುಬಿಗೆ ಬರುತ್ತದೆ. ವರ್ಷಗಟ್ಟಲೆ ಆ ನಡುಕದಲ್ಲಿ ದುಡಿದವರ ಬೆರಳು ಬಿಳುಚಿ ಮರಗಟ್ಟುವುದುಂಟು. ಚೈನು ಬಿಗಿ ಮಾಡುವ ಸ್ಕ್ರೂ ಪಕ್ಕದಲ್ಲಿದ್ದರೆ ಒಳ್ಳೆಯದು, ಮುಳ್ಳಿನ ನಡುವೆ ನಿಂತು ಬಿಗಿ ಮಾಡಬೇಕಾಗುತ್ತದೆ. ಚೈನ್, ಪ್ಲಗ್, ಏರ್ ಫಿಲ್ಟರ್ ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ ಎಂದು ಹಣ ಕೊಡುವ ಮುಂಚೆಯೇ ವಿಚಾರಿಸಿ.

ಅಂಗಡಿಯವರು ಹಿಡಿಕೆ ಮೇಲ್ಗಡೆಯೇ ಇರುವ ಪುಟ್ಟ ಮಷಿನ್ ತೋರಿಸಿ "ಇದು ಇನ್ನೂ ಹಗುರ" ಎನ್ನಬಹುದು. ಅದು ಮರ ಹತ್ತಿ ಹಗ್ಗ ಕಟ್ಟಿಕೊಂಡು ಕೆಲಸ ಮಾಡುವ ಪಳಗಿದವರಿಗಾಗಿ ಮಾಡಿದ್ದು. ನೆಲದ ಮೇಲೆ ನಿಂತು ಸವರುವ ನಮಗೆ ಹಿಂದೆ ಒಂದು, ಮುಂದೆ ಒಂದು ಹಿಡಿಕೆ ಇರುವುದೇ ಸರಿ. ಎರಡು ಕೈ ದೂರದೂರ ಇದ್ದರೆ ಜಿಗಿತ ತಡೆಯಲು ಬಲ ಇರುತ್ತದೆ.

ಬ್ಯಾಟರಿ ಮಷಿನ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಅಂಗೈ ಉದ್ದದ ಬಾರ್ ಇರುವ ಸಣ್ಣವು ಎಲ್ಲ ಕಡೆ ಬಂದಿವೆ. ದಾಳಿಂಬೆ ಸವರಲು, ನಿಂಬೆ ಗಿಡದ ಒಣ ಟೊಂಗೆ ತೆಗೆಯಲು ಚೆನ್ನಾಗಿವೆ. ನಮ್ಮ ಮನೆಯಲ್ಲೂ ಒಂದಿದೆ, ತಂಗಿ ಅದನ್ನು ದಾಳಿಂಬೆಗೆ ಬಳಸುತ್ತಾಳೆ. ಆದರೆ ಅಂಥ ಹಲವಕ್ಕೆ ಚೈನ್ ಬ್ರೇಕ್ ಇರುವುದಿಲ್ಲ, ಎಣ್ಣೆಯನ್ನೂ ಕೈಯಿಂದ ಹಾಕಬೇಕು. ಒಣಗಿದ ಜಾಲಿಗೆ ದಿನವಿಡೀ ಅದನ್ನು ಹಚ್ಚಿದರೆ ಮೋಟಾರು ಕಾಯುತ್ತದೆ. ಬ್ರೇಕ್ ಇರುವ, ತಾನೇ ಎಣ್ಣೆ ಬಿಟ್ಟುಕೊಳ್ಳುವ, 36 ವೋಲ್ಟ್ ಆಸುಪಾಸಿನ ಬ್ಯಾಟರಿ ಚೈನ್ ಸಾ ನಿಜಕ್ಕೂ ಒಳ್ಳೆಯದು. ಸದ್ದು ಕಡಿಮೆ, ಚಾಲು ಮಾಡಲು ಹಗ್ಗ ಎಳೆಯಬೇಕಿಲ್ಲ, ಒಂದು ಟೊಂಗೆಯಿಂದ ಇನ್ನೊಂದಕ್ಕೆ ಹೋಗುವಾಗ ಚೈನು ಓಡುವುದಿಲ್ಲ. ಮನೆಗೆ ಸಾಕಾಗುವಷ್ಟು ಕಟ್ಟಿಗೆ ಮಾಡುವವರು, ಎರಡು ಬ್ಯಾಟರಿ ಇಟ್ಟುಕೊಳ್ಳಬಲ್ಲವರು ಅದನ್ನೇ ತೆಗೆದುಕೊಳ್ಳಲಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬ್ಯಾಟರಿಯನ್ನು ಬಂಡೆ ಮೇಲೆ ಇಡಬೇಡಿ, ನೆರಳಿನಲ್ಲಿ ಇಡಿ. ಟ್ರ್ಯಾಕ್ಟರ್‌ಗಟ್ಟಲೆ ಕಟ್ಟಿಗೆ ಮಾಡುವವರಿಗೆ, ಕರೆಂಟಿಲ್ಲದ ಹೊಲದಲ್ಲಿ, ಪೆಟ್ರೋಲಿನದೇ ಗತಿ.

ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸಲೇಬೇಕು. ಹೆಚ್ಚಿನ ಮಷಿನ್‌ಗಳಿಗೆ 50ಕ್ಕೆ 1 ಲೆಕ್ಕ, ಅಂದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ. ನಿಮ್ಮ ಮಷಿನ್ನಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಚೈನಿನ ಎಣ್ಣೆ ಬೇರೆ ಟ್ಯಾಂಕಿಗೆ.

ಈಗ ಚೈನಿನ ಹಲ್ಲಿನ ಮಾತು. ಹಗುರ ಮಷಿನ್ನಿಗೆ ಬಲ ಕಡಿಮೆ, ಅದು ಹಲ್ಲಿನ ಹರಿತವನ್ನೇ ನಂಬಿರುತ್ತದೆ. ಅಮೆರಿಕದ ಆರೆಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವರಿದ್ದರು. 1946ರಲ್ಲಿ ಅವರೂ ಹೀಗೇ ಕಟ್ಟಿಗೆ ಒಡೆಯುತ್ತಿದ್ದಾಗ ಒಂದು ಮೋಟಿನಲ್ಲಿ ಜೀರುಂಡೆಯ ಹುಳು ಕಂಡಿತು. ಬೆರಳಿನಷ್ಟಿರುವ ಆ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತಾ, ಗಟ್ಟಿ ಕಟ್ಟಿಗೆಯಲ್ಲಿ ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುತ್ತಾ ಹೋಗುತ್ತಿತ್ತು. ಕಾಕ್ಸ್ ಅದೇ ದವಡೆಯ ಆಕಾರವನ್ನು ಉಕ್ಕಿನಲ್ಲಿ ಮಾಡಿ 1947ರಲ್ಲಿ ಚೈನು ಮಾರಲು ಶುರುಮಾಡಿದರು. ಇವತ್ತು ನಮ್ಮ ಚೈನನ್ನು ಬಿಸಿಲಿಗೆ ಹಿಡಿದು ನೋಡಿ, ಒಂದು ಹಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಬಾಗಿರುತ್ತದೆ. ಆ ಹುಳುವಿನ ದವಡೆಯೇ ಅದು. ಕಾಕಾಗೆ ಈ ಕಥೆ ಹೇಳಿ ಚೈನು ತೋರಿಸಿದಾಗ ಅವರು ಒಂದೊಂದೇ ಹಲ್ಲನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

ಹರಿತವಿದ್ದ ಚೈನು ಕಟ್ಟಿಗೆಯನ್ನು ಚಕ್ಕೆ ಚಕ್ಕೆಯಾಗಿ ಉಗುಳುತ್ತದೆ. ಜೋಳದ ಹಿಟ್ಟಿನಂಥ ಪುಡಿ ಬರತೊಡಗಿದರೆ ಮೊಂಡಾಗಿದೆ ಎಂದೇ ಅರ್ಥ. ಆಗ ಒತ್ತಿ ಕೊಯ್ಯಬೇಡಿ, ನಿಲ್ಲಿಸಿ ಅರ ಹಿಡಿಯಿರಿ. ಸಣ್ಣ ಮಷಿನ್ನಿನ ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರಿನ ದುಂಡು ಅರ, 30 ಡಿಗ್ರಿ ಓರೆ. ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು, ಎಲ್ಲ ಹಲ್ಲಿಗೂ ಎಣಿಸಿ ಅಷ್ಟಷ್ಟೇ. ನಮ್ಮ ಎರೆ ನೆಲಕ್ಕೆ ಚೈನು ಒಮ್ಮೆ ತಾಗಿದರೆ ಬೆಳಗಿನ ಹರಿತ ಅಲ್ಲಿಗೆ ಮುಗಿಯಿತು. ಬಿದ್ದ ಟೊಂಗೆಯ ಕೆಳಗೆ ಒಂದು ಅಡ್ಡಕಟ್ಟಿಗೆ ಕೊಡಿ.

ಸವರುವಾಗ ಬೊಡ್ಡೆ ನಿಮಗೂ ಚೈನಿಗೂ ನಡುವೆ ಇರಲಿ. ನೀವು ಬೊಡ್ಡೆಯ ಎಡಕ್ಕೆ ನಿಂತು ಬಲಮಗ್ಗುಲಿನ ಟೊಂಗೆ ಕೊಯ್ಯಿರಿ, ಮಷಿನ್ನಿನ ಭಾರವನ್ನು ಬೊಡ್ಡೆಯ ಮೇಲೆಯೇ ಇಳಿಸಿ. ಬುಡದಿಂದ ತುದಿಗೆ ಹೋಗಿ. ಮರವನ್ನು ಎತ್ತಿ ನಿಲ್ಲಿಸಿರುವ ಅಡಿಯ ಟೊಂಗೆಗಳನ್ನು ಕೊನೆಗೆ ಬಿಡಿ. ಜಾಲಿ ಬಿದ್ದಾಗ ಕೆಲವು ಟೊಂಗೆ ನೆಲಕ್ಕೆ ಊರಿ ಬಿಲ್ಲಿನಂತೆ ಬಾಗಿರುತ್ತವೆ. ಹೊರಮೈಯಿಂದ ಒಮ್ಮೆಲೇ ಕೊಯ್ದರೆ ಸಿಡಿದು ಮೊಳಕಾಲಿಗೋ ಮುಖಕ್ಕೋ ಬಡಿಯುತ್ತದೆ, ಅದೂ ಮುಳ್ಳು ಸಮೇತ. ಬಾಗಿದ ಒಳಮೈಯಲ್ಲಿ ಮೊದಲು ಸ್ವಲ್ಪ ಕೊಯ್ದು, ಆಮೇಲೆ ಹೊರಮೈಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿ. ಟೊಂಗೆ ಎಳೆಯುವ ಹೆಣ್ಣುಮಕ್ಕಳು, ಹುಡುಗರು ಐದಾರು ಮಾರು ದೂರ ನಿಂತಿರಲಿ, ಚೈನು ನಿಂತ ಮೇಲೆಯೇ ಹತ್ತಿರ ಬರಲಿ.

ಧೋತರ, ಲುಂಗಿ, ಹೆಗಲ ಟವೆಲ್ ಉಟ್ಟು ಹೊದ್ದು ಈ ಮಷಿನ್ ಮುಟ್ಟಬೇಡಿ. ಬಿಗಿ ಪ್ಯಾಂಟು, ಗಟ್ಟಿ ಅಟ್ಟೆಯ ಬೂಟು, ಕಣ್ಣಿಗೆ ಜಾಳಿಗೆ ಇರುವ ಹೆಲ್ಮೆಟ್, ಕಿವಿಗೆ ಮುಚ್ಚಳ. ಚಪ್ಪಲಿಯಲ್ಲಿ ಜಾಲಿ ಮುಳ್ಳು ತೂರಿ ಬರುವುದು ನಿಮಗೆಲ್ಲ ಗೊತ್ತು. ಆ ನೋವಿಗೆ ಕಾಲು ತಪ್ಪುವ ಗಳಿಗೆಯಲ್ಲಿ ಕೈಯಲ್ಲಿ ಓಡುವ ಚೈನು ಇರುತ್ತದೆ. ದೊಡ್ಡ ಮಷಿನ್ನಿಗೆ ಸುರಿಯುವ ಹಣದಲ್ಲಿ ಒಂದಷ್ಟು ಉಳಿಸಿ ಇವನ್ನು ಕೊಳ್ಳಿ. ಸರ್ಕಾರಿ ಜಾಗದ ಮರಕ್ಕೆ ಕೈ ಹಾಕಬೇಡಿ. ಸ್ವಂತ ಹೊಲದ ಬೇವು, ಹುಣಸೆಯಂಥವನ್ನು ಕಡಿಯುವ ಮುಂಚೆಯೂ ಅರಣ್ಯ ಇಲಾಖೆಯಲ್ಲಿ ಕೇಳಿ, 1976ರ ಮರ ಸಂರಕ್ಷಣೆ ಕಾಯ್ದೆ ಇದೆ.

ಮುಂಗಾರಿಗೆ ಮಷಿನ್ ಎತ್ತಿಡುವಾಗ ಟ್ಯಾಂಕಿನ ಪೆಟ್ರೋಲನ್ನು ನೆಲಕ್ಕೆ ಚೆಲ್ಲದಂತೆ ಪೂರ್ತಿ ತೆಗೆದು, ಮತ್ತೆ ಚಾಲು ಮಾಡಿ ತಾನೇ ನಿಲ್ಲುವವರೆಗೆ ಓಡಲು ಬಿಡಿ. ಹಳೆಯ ಪೆಟ್ರೋಲು ಕಾರ್ಬುರೇಟರಿನಲ್ಲಿ ಜಿಗುಟಾಗಿ ಕೂರುತ್ತದೆ. ಫಿಲ್ಟರಿನ ಕೆಂಧೂಳು ಜಾಡಿಸಿ, ಚೈನು ಬಿಚ್ಚಿ ಎಣ್ಣೆ ಡಬ್ಬಿಯಲ್ಲಿ ಅದ್ದಿಡಿ. ನಮ್ಮ ಮನೆಯಲ್ಲಿ ಆ ಡಬ್ಬಿ ಅಟ್ಟದ ಮೇಲೆ, ಕಾಕಾರ ಸಣ್ಣ ಕೊಡಲಿಯ ಪಕ್ಕದಲ್ಲಿ ಇರುತ್ತದೆ. ನಮಸ್ಕಾರ.