ಫ್ರೆಂಚ್ ಓದಲು ಬರುತ್ತದೆ, ಮಾತನಾಡಲು ಏಕೆ ಬರುವುದಿಲ್ಲ?

ನಮಸ್ಕಾರ. ದೊಡ್ಡವರಾದ ಮೇಲೆ ಫ್ರೆಂಚ್ ಕಲಿಯಲು ಹೊರಟು, ಒಂದೆರಡು ವರ್ಷ ಪಠ್ಯಪುಸ್ತಕವನ್ನು ನಿಷ್ಠೆಯಿಂದ ಅಭ್ಯಾಸ ಮಾಡಿ, ಕ್ರಿಯಾಪದಗಳ ರೂಪಗಳನ್ನು ಬಾಯಿಪಾಠ ಮಾಡಿ, ಸಣ್ಣಪುಟ್ಟ ಲೇಖನಗಳನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಮುಂದೆ ಬಂದವರಿಗಾಗಿ ಈ ವಿಡಿಯೋ ಮಾಡಿದ್ದೇನೆ. ಅಲ್ಲಿಯವರೆಗೆ ಬಂದವರಿಗೆ ಮುಂದಿನ ಕಷ್ಟ ಚೆನ್ನಾಗಿ ಗೊತ್ತಿರುತ್ತದೆ. ಎದುರಿಗಿರುವವರು ಬಾಯಿ ತೆರೆದ ಕೂಡಲೇ ಕಲಿತ ಪದಗಳಲ್ಲಿ ಒಂದೂ ಕಿವಿಗೆ ಸಿಗುವುದಿಲ್ಲ.

ನಾನು ಫ್ರೆಂಚ್ ಆರಂಭಿಸಿದಾಗ ನನಗೆ 36 ವರ್ಷ. ಮೊದಲ ಸಲ ಆನ್‌ಲೈನಿನಲ್ಲಿ ಒಬ್ಬ ಫ್ರೆಂಚ್ ಮಹಿಳೆಯೊಡನೆ ಮಾತಿಗೆ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು.

[ತೆರೆಯ ಮೇಲೆ: ತಾ ಫೆ ಕ್ವಾ ಇಯೆರ್?]

ಮೂರು ಸಲ ಹೇಳಿಸಿಕೊಂಡರೂ ನನಗೆ ಅರ್ಥವಾಗಲಿಲ್ಲ. ಕೊನೆಗೆ ಅವರು ಅದನ್ನೇ ಟೈಪ್ ಮಾಡಿ ಕಳಿಸಿದರು. ‘ನಿನ್ನೆ ಏನು ಮಾಡಿದೆ?’ ಎಂದಷ್ಟೇ ಅದರ ಅರ್ಥ. ‘ತಾ’ ಎಂಬುದು ‘ತ್ಯು’ ಮತ್ತು ‘ಆ’ ಎಂಬ ಎರಡು ಪದಗಳು ಸೇರಿದ್ದು; ಹೀಗೆ ಅದರಲ್ಲಿದ್ದ ಐದೂ ಪದಗಳು ನಾನು ಮೊದಲ ತಿಂಗಳಲ್ಲೇ ಕಲಿತವು. ಆದರೆ ನನ್ನ ಪುಸ್ತಕದಲ್ಲಿ ಆ ಪ್ರಶ್ನೆ ‘ಕೆಸ್ ಕ ತ್ಯು ಆ ಫೆ ಇಯೆರ್’ ಎಂಬ ರೂಪದಲ್ಲಿತ್ತು. ಪುಸ್ತಕದ ರೂಪವೂ ಸರಿ, ಅವರು ಆಡಿದ್ದೂ ಸರಿ. ಅಂದಿನಿಂದ ನನಗೆ ಮನವರಿಕೆಯಾದ ಒಂದು ಸಂಗತಿಯನ್ನೇ ಇಂದು ವಿವರಿಸುತ್ತೇನೆ. ಬರಹದ ಫ್ರೆಂಚ್ ಮತ್ತು ಆಡುವ ಫ್ರೆಂಚ್ ನಡುವೆ ದೊಡ್ಡ ಅಂತರವಿದೆ, ಮತ್ತು ಆಡುವ ಫ್ರೆಂಚನ್ನು ಬೇರೆಯಾಗಿ, ಕಿವಿಯ ಮೂಲಕವೇ ಕಲಿಯಬೇಕಾಗುತ್ತದೆ.

ಕನ್ನಡಿಗರಿಗೆ ಈ ಮಾತು ಹೊಸದಾಗಿ ಕಾಣಬೇಕಿಲ್ಲ. ‘ಅವನು ನಿನಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ’ ಎಂದು ನಾವು ಬರೆಯುತ್ತೇವೆ. ಆದರೆ ಆಡುವಾಗ ‘ಅವ್ನ್ ನಿಂಗೇನ್ ಹೇಳಿದ್ನೋ ಗೊತ್ತಿಲ್ಲ’ ಎನ್ನುತ್ತೇವೆ. ಪುಸ್ತಕದಿಂದ ಮಾತ್ರ ಕನ್ನಡ ಕಲಿತವರೊಬ್ಬರು ಈ ಎರಡನೆಯ ವಾಕ್ಯವನ್ನು ಕೇಳಿದರೆ ಅವರ ಸ್ಥಿತಿ ಏನಾಗುತ್ತದೆ ಎಂದು ಯೋಚಿಸಿ. ಅದೇ ವಾಕ್ಯವನ್ನು ಫ್ರೆಂಚಿನಲ್ಲಿ ಬಿಡಿಸಿ ನೋಡೋಣ.

[ತೆರೆಯ ಮೇಲೆ, ಮೊದಲ ಸಾಲು: ಜ ನ ಸೆ ಪಾ ಸ ಕಿಲ್ ತಾ ದಿ
ಎರಡನೆಯ ಸಾಲು: ಶೆ ಪಾ ಸ್ಕಿ ತಾ ದಿ]

ಮೊದಲ ಸಾಲು ಪ್ರತಿ ಪದವನ್ನೂ ಬಿಡಿಸಿ ಉಚ್ಚರಿಸಿದ ರೂಪ. ಅದರಲ್ಲಿ 8 ಉಚ್ಚಾರಾಂಶಗಳಿವೆ. ಎರಡನೆಯದು ಗೆಳೆಯರ ನಡುವೆ ಕೇಳಿಬರುವ ರೂಪ. ಅದರಲ್ಲಿ 5 ಮಾತ್ರ. ಉಳಿದ ಮೂರು ಎಲ್ಲಿ ಹೋದವು ಎಂಬುದನ್ನು ನಿಧಾನವಾಗಿ ನೋಡೋಣ, ಏಕೆಂದರೆ ಆಡುಮಾತಿನ ಬಹುಪಾಲು ನಿಯಮಗಳು ಈ ಒಂದೇ ವಾಕ್ಯದಲ್ಲಿ ಅಡಗಿವೆ. ಮೊದಲನೆಯದಾಗಿ, ನಿಷೇಧಕ್ಕೆ ಪುಸ್ತಕದಲ್ಲಿ ‘ನ’ ಮತ್ತು ‘ಪಾ’ ಎಂಬ ಎರಡು ಪದಗಳಿವೆ. ಮಾತಿನಲ್ಲಿ ‘ನ’ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ‘ಪಾ’ ಒಂದೇ ಇಲ್ಲವೆಂಬ ಅರ್ಥವನ್ನು ಹೊರುತ್ತದೆ. ಎರಡನೆಯದಾಗಿ, ‘ನಾನು’ ಎಂಬ ಅರ್ಥದ ‘ಜ’ವನ್ನು ಗಮನಿಸಿ. ಕನ್ನಡದ ಜಕಾರಕ್ಕೂ ಇದಕ್ಕೂ ವ್ಯತ್ಯಾಸವಿದೆ. ಶಕಾರವನ್ನು ಹೇಳುತ್ತಲೇ ಗಂಟಲಿನ ನಾದವನ್ನು ಸೇರಿಸಿದರೆ ಬರುವ ಧ್ವನಿ ಅದು. ಅದರ ಸ್ವರ ಬಿದ್ದು, ಪಕ್ಕದ ಸಕಾರದ ಪ್ರಭಾವದಿಂದ ನಾದವೂ ಕಳಚಿದಾಗ ಉಳಿಯುವುದು ಶಕಾರವೇ. ಆದ್ದರಿಂದಲೇ ‘ಜ ಸೆ’ ಎಂಬುದು ‘ಶೆ’ ಆಗುತ್ತದೆ. ಮೂರನೆಯದಾಗಿ, ‘ಸ’ದ ಮೆಲುಸ್ವರ ಬಿದ್ದು ಅದು ‘ಕಿ’ಗೆ ಅಂಟಿಕೊಳ್ಳುತ್ತದೆ, ‘ಅವನು’ ಎಂಬ ಅರ್ಥದ ‘ಇಲ್’ನ ಲಕಾರ ವ್ಯಂಜನದ ಮುಂದೆ ಕೇಳಿಸುವುದೇ ಇಲ್ಲ. ಇದನ್ನು ಕೇಳಿದ ಅನೇಕರು ‘ಫ್ರೆಂಚರು ಬಹಳ ವೇಗವಾಗಿ ಮಾತನಾಡುತ್ತಾರೆ’ ಎಂದು ಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ವೇಗ ದೊಡ್ಡ ಅಡಚಣೆಯಲ್ಲ. ನಾವು ಕಾಯುತ್ತಿರುವ ಧ್ವನಿಗಳು ಆ ಮಾತಿನಲ್ಲಿ ಇಲ್ಲದಿರುವುದೇ ನಿಜವಾದ ಅಡಚಣೆ.

ಶಾಲೆಯ ವ್ಯಾಕರಣದಲ್ಲಿ ಓದಿದ ಸಂಧಿ ಇಲ್ಲಿ ತುಂಬ ನೆರವಾಗುತ್ತದೆ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವಾಗ ಉಕಾರ ಲೋಪವಾಗುವಂತೆಯೇ, ‘ಜ’ ಮತ್ತು ‘ಎಮ್’ ಸೇರಿ ‘ಜೆಮ್’, ಅಂದರೆ ‘ನನಗೆ ಇಷ್ಟ’, ಆಗುತ್ತದೆ. ‘ಲಿಯೇಜ಼ೋಂ’ ಎಂದು ಕರೆಯುವ ಇನ್ನೊಂದು ಜೋಡಣೆ ನಮ್ಮ ಆಗಮ ಸಂಧಿಯನ್ನು ನೆನಪಿಸುತ್ತದೆ. ‘ಲೆ’ ಮತ್ತು ‘ಆಮಿ’ ಸೇರಿ ‘ಲೆಜ಼ಾಮಿ’, ಅಂದರೆ ‘ಗೆಳೆಯರು’. ನಡುವೆ ಬಂದ ಆ ವ್ಯಂಜನ ಹೊಸದಾಗಿ ಹುಟ್ಟಿದ್ದಲ್ಲ, ಬರಹದಲ್ಲಿ ಮೊದಲೇ ಮೂಕವಾಗಿ ಕೂತಿದ್ದದ್ದು, ಸ್ವರ ಎದುರಾದಾಗ ಕೇಳಿಸತೊಡಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಎಲ್ಲ ಕಡೆಯೂ ಇದನ್ನು ಮಾಡುವಂತಿಲ್ಲ. ‘ಮತ್ತು’ ಎಂಬ ಅರ್ಥದ ‘ಎ’ ಪದದ ನಂತರ ಲಿಯೇಜ಼ೋಂ ಎಂದಿಗೂ ಬರುವುದಿಲ್ಲ. ‘ವೀರರು’ ಎಂಬ ಅರ್ಥದ ‘ಲೆ ಎರೋ’ ಎಂಬಲ್ಲಿಯೂ ಬಿಡಿಯಾಗಿಯೇ ಹೇಳಬೇಕು. ಸೇರಿಸಿ ‘ಲೆಜ಼ೆರೋ’ ಎಂದರೆ ಕೇಳುವವರಿಗೆ ‘ಸೊನ್ನೆಗಳು’ ಎಂದು ಕೇಳಿಸುತ್ತದೆ.

ಇನ್ನು ಉಚ್ಚಾರಣೆ. ಕನ್ನಡ ಲಿಪಿಯಲ್ಲಿ ನಾನು ಬರೆದು ತೋರಿಸುತ್ತಿರುವುದು ಅಂದಾಜು ಮಾತ್ರ, ಫ್ರೆಂಚಿನ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ‘ನೀನು’ ಎಂಬ ಅರ್ಥದ ‘ತ್ಯು’ವಿನಲ್ಲಿರುವ ಸ್ವರವನ್ನು ಹೀಗೆ ಅಭ್ಯಾಸ ಮಾಡಬಹುದು: ಬಾಯೊಳಗೆ ‘ಈ’ ಎನ್ನುತ್ತಿರಿ, ನಾಲಿಗೆಯನ್ನು ಅಲುಗಿಸದೆ ತುಟಿಗಳನ್ನು ಮಾತ್ರ ‘ಊ’ ಎನ್ನುವಂತೆ ಮುಂದಕ್ಕೆ ಚಾಚಿ. ಈ ಸ್ವರ ಬರದಿದ್ದರೆ ‘ಮೇಲೆ’ ಎಂಬ ಅರ್ಥದ ‘ದಸ್ಯು’ ಮತ್ತು ‘ಕೆಳಗೆ’ ಎಂಬ ಅರ್ಥದ ‘ದಸು’ ಒಂದೇ ಆಗಿಬಿಡುತ್ತವೆ, ಮೇಲೆ ಕೆಳಗೆ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಮೂಗಿನ ಸ್ವರಗಳು ಇದಕ್ಕಿಂತ ಸೂಕ್ಷ್ಮ. ‘ಒಳ್ಳೆಯ’ ಎಂಬ ಅರ್ಥದ ಪುಲ್ಲಿಂಗ ರೂಪ ‘ಬೋಂ’. ಅದರ ಕೊನೆಯಲ್ಲಿ ನಾಲಿಗೆ ಹಲ್ಲನ್ನು ಮುಟ್ಟಬಾರದು, ತುಟಿ ಮುಚ್ಚಬಾರದು. ಸ್ವರ ಮೂಗಿನಲ್ಲೇ ಕರಗಬೇಕು. ಅಲ್ಲಿ ನಕಾರವನ್ನು ಸ್ಪಷ್ಟವಾಗಿ ಹೇಳಿ ‘ಬೊನ್’ ಎಂದರೆ ಅದು ಸ್ತ್ರೀಲಿಂಗ ರೂಪವೆಂದು ಕೇಳಿಸುತ್ತದೆ. ಬಾಯಿಯ ಮುಂದೆ ಕನ್ನಡಿ ಹಿಡಿದು ಈ ಎರಡು ಪದಗಳನ್ನು ಒಂದಾದ ಮೇಲೊಂದು ಹೇಳಿ ನೋಡಿದರೆ ನಾಲಿಗೆಯ ತುದಿ ಮೇಲೇಳುವುದು ಕಣ್ಣಿಗೇ ಕಾಣುತ್ತದೆ. ಗಂಟಲಿನ ರಕಾರದ ಬಗ್ಗೆ ಜನ ಅನಗತ್ಯವಾಗಿ ಚಿಂತಿಸುತ್ತಾರೆ; ಅದು ನಿಧಾನವಾಗಿ ಕೂಡಿಬರುತ್ತದೆ, ಬರದಿದ್ದರೂ ಅರ್ಥ ಕೆಡುವುದು ಅಪರೂಪ. ಒತ್ತಿನ ಬಗ್ಗೆ ಒಂದು ಮಾತು: ಫ್ರೆಂಚಿನಲ್ಲಿ ಒತ್ತು ಪದಸಮೂಹದ ಕೊನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಆದುದರಿಂದ ಬಿಡಿ ಪದಗಳನ್ನು ಕಲಿಯುವುದಕ್ಕಿಂತ, ಒಂದೇ ಉಸಿರಿನಲ್ಲಿ ಹೇಳುವ ಪದಗುಚ್ಛಗಳನ್ನು ಇಡಿಯಾಗಿ ಕಲಿಯುವುದು ಹೆಚ್ಚು ಫಲ ಕೊಡುತ್ತದೆ.

ಮಾತಿನ ವ್ಯಾಕರಣವೂ ಸ್ವಲ್ಪ ಬೇರೆಯೇ. ‘ನಾವು’ ಎನ್ನಲು ಪುಸ್ತಕದಲ್ಲಿ ‘ನು’ ಇದೆ, ಆದರೆ ಮಾತಿನಲ್ಲಿ ಹೆಚ್ಚಾಗಿ ಕೇಳಿಬರುವುದು ‘ಓಂ’. ಅದಕ್ಕೆ ಕ್ರಿಯಾಪದದ ಏಕವಚನ ರೂಪವೇ ಸಾಕಾಗುವುದರಿಂದ ಕಲಿಯುವವರಿಗೆ ಶ್ರಮವೂ ಕಡಿಮೆ. ಕಾದಂಬರಿಗಳಲ್ಲಿ ಕಾಣುವ ‘ಪಾಸೆ ಸ್ಯಾಂಪ್ಲ್’ ಎಂಬ ಭೂತಕಾಲವನ್ನು ಸಂಭಾಷಣೆಯಲ್ಲಿ ಯಾರೂ ಬಳಸುವುದಿಲ್ಲವಾದ್ದರಿಂದ ಅದನ್ನು ಬಾಯಿಪಾಠ ಮಾಡುವ ಸಮಯವನ್ನು ಬೇರೆಡೆಗೆ ಕೊಡಬಹುದು. ಪ್ರಶ್ನೆ ಕೇಳಲು ಮೂರು ದಾರಿಗಳಿವೆ. ‘ನೀವು ಎಲ್ಲಿ ವಾಸಿಸುತ್ತೀರಿ?’ ಎಂಬುದನ್ನು ‘ಊ ಆಬಿತೇ ವು’ ಎಂದು ಕ್ರಿಯಾಪದವನ್ನು ಮುಂದಿಟ್ಟು ಕೇಳುವುದು ಶಿಷ್ಟ ರೂಪ. ‘ಊ ಎಸ್ ಕ ವುಜ಼ಾಬಿತೇ’ ಎಂಬುದು ಎಲ್ಲರೊಡನೆಯೂ ಸಲ್ಲುವ ರೂಪ. ‘ವುಜ಼ಾಬಿತೇ ಊ’ ಎಂದು ಪ್ರಶ್ನಾಪದವನ್ನು ಕೊನೆಯಲ್ಲಿಟ್ಟು ಕೇಳುವುದು ಸಲಿಗೆಯ ರೂಪ. ಮಾತನಾಡಲು ಎರಡನೆಯದೊಂದನ್ನು ಗಟ್ಟಿ ಮಾಡಿಕೊಂಡರೆ ಸಾಕು, ಆದರೆ ಮೂರನ್ನೂ ಕಿವಿ ಗುರುತಿಸಬೇಕು. ನನ್ನನ್ನು ಮೊದಲ ದಿನ ಎಡವಿಸಿದ ಪ್ರಶ್ನೆ ಈ ಮೂರನೆಯ ಜಾತಿಯದು. ‘ತ್ಯು’ ಮತ್ತು ‘ವು’ ನಮ್ಮ ‘ನೀನು’ ಮತ್ತು ‘ನೀವು’ಗಳಂತೆಯೇ ಇದ್ದರೂ ಒಂದು ಎಚ್ಚರಿಕೆ ಬೇಕು: ಕನ್ನಡದ ‘ನೀವು’ ಹಿರಿತನವನ್ನು ಹೆಚ್ಚು ಗಮನಿಸುತ್ತದೆ, ಫ್ರೆಂಚಿನ ‘ವು’ ಪರಿಚಯದ ದೂರವನ್ನು ಹೆಚ್ಚು ಗಮನಿಸುತ್ತದೆ. ಆಪ್ತರಾದ ಹಿರಿಯರು ತಾವಾಗಿಯೇ ‘ಓಂ ಪ ಸ ತ್ಯುತ್ವಾಯೆ’, ಅಂದರೆ ‘ನಾವು ಏಕವಚನದಲ್ಲೇ ಮಾತನಾಡಬಹುದು’ ಎಂದ ಮೇಲೂ ‘ವು’ವನ್ನೇ ಹಿಡಿದುಕೊಂಡರೆ, ಅದು ಗೌರವಕ್ಕಿಂತ ದೂರವನ್ನು ಸೂಚಿಸುತ್ತದೆ.

ಸಂಖ್ಯೆಗಳನ್ನು ಕೇಳಿ ಬರೆದುಕೊಳ್ಳುವುದು ಕಿವಿಗೆ ಒಳ್ಳೆಯ ಸಾಮು. ಫ್ರಾನ್ಸಿನಲ್ಲಿ 70ಕ್ಕೆ ‘ಅರವತ್ತು ಹತ್ತು’ ಎಂಬಂತೆಯೂ 80ಕ್ಕೆ ‘ನಾಲ್ಕು ಇಪ್ಪತ್ತು’ ಎಂಬಂತೆಯೂ ಹೇಳುವುದರಿಂದ, ಮುಂದಿನ ಪದ ಬರುವವರೆಗೆ ಸಂಖ್ಯೆ ಯಾವುದೆಂದು ತಿಳಿಯುವುದಿಲ್ಲ. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು 70ಕ್ಕೆ ‘ಸೆಪ್ತಾಂತ್’, 90ಕ್ಕೆ ‘ನೊನಾಂತ್’ ಎಂಬ ಸರಳ ಪದಗಳನ್ನೇ ಬಳಸುತ್ತಾರೆ.

ಇಷ್ಟು ತಿಳಿದರೆ ಮಾತು ಬಂದಂತಾಯಿತೇ? ಇಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಹೇಳುವ ಪ್ರಯೋಗ ಆರಂಭವಾಯಿತು, ಮುಂದೆ ಅದು ಆ ದೇಶದ ಅನೇಕ ಶಾಲೆಗಳಿಗೆ ಹರಡಿತು. ಇಂಥ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿದ ಭಾಷಾವಿದ್ವಾಂಸೆ ಮೆರಿಲ್ ಸ್ವೇನ್ 1985ರಲ್ಲಿ ಒಂದು ಮುಖ್ಯ ಅಂಶವನ್ನು ಮುಂದಿಟ್ಟರು. ವರ್ಷಗಟ್ಟಲೆ ಫ್ರೆಂಚ್ ಕೇಳಿ ಬೆಳೆದ ಆ ಮಕ್ಕಳು ಕೇಳಿದ್ದನ್ನು ಬಹಳ ಚೆನ್ನಾಗಿ ಗ್ರಹಿಸುತ್ತಿದ್ದರು, ಆದರೆ ಮಾತನಾಡುವಾಗ ಮತ್ತು ಬರೆಯುವಾಗ ಅವರ ವ್ಯಾಕರಣ ಆ ಮಟ್ಟಕ್ಕೆ ಏರಿರಲಿಲ್ಲ. ಕೇಳುವುದಷ್ಟೇ ಸಾಲದು, ಹೇಳಬೇಕಾದದ್ದನ್ನು ತಾನೇ ಕಟ್ಟಿ ಹೇಳುವ ಒತ್ತಡವೂ ಬೇಕು ಎಂಬುದು ಅವರ ವಾದ. ಸಿನಿಮಾ ನೋಡುತ್ತಾ ಹೋದರೆ ಒಂದು ದಿನ ಮಾತು ತಾನಾಗಿ ಬರುತ್ತದೆ ಎಂದು ಕಾಯುತ್ತಿರುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹಾಗಾದರೆ ದಿನಕ್ಕೆ ಅರ್ಧ ಗಂಟೆ ಇರುವವರು ಏನು ಮಾಡಬಹುದು? ಮೊದಲ ಕಾಲು ಗಂಟೆಯನ್ನು ಕಿವಿಗೆ ಕೊಡಿ. ಬರಹರೂಪವೂ ಸಿಗುವ ಒಂದು ಧ್ವನಿಮುದ್ರಣದಿಂದ 30 ಸೆಕೆಂಡುಗಳಷ್ಟನ್ನೇ ಆರಿಸಿ. ರೇಡಿಯೋ ಫ್ರಾನ್ಸ್ ಇಂಟರ್‌ನ್ಯಾಷನಲ್ ಕಲಿಯುವವರಿಗಾಗಿ ಸರಳ ಫ್ರೆಂಚಿನಲ್ಲಿ ಕೊಡುವ ಹತ್ತು ನಿಮಿಷಗಳ ವಾರ್ತೆ ಆರಂಭಕ್ಕೆ ಅನುಕೂಲ, ಆದರೆ ವಾರ್ತೆಯ ಭಾಷೆ ಹರಟೆಯ ಭಾಷೆಯಲ್ಲವಾದ್ದರಿಂದ ಬೇಗನೆ ಸಂದರ್ಶನಗಳ ಕಡೆಗೆ ಹೊರಳಬೇಕು. ಬರಹವನ್ನು ನೋಡದೆ ಮೂರು ಸಲ ಕೇಳಿ, ಕೇಳಿಸಿದ್ದನ್ನು ಬರೆದುಕೊಳ್ಳಿ, ಆಮೇಲೆ ಹೋಲಿಸಿ. ಎಲ್ಲಿ ತಪ್ಪಿತೋ ಅಲ್ಲಿ ಗೊತ್ತಿಲ್ಲದ ಪದವಿತ್ತೇ ಅಥವಾ ಗೊತ್ತಿದ್ದ ಪದವೇ ಬೇರೆ ವೇಷದಲ್ಲಿ ಬಂದಿತ್ತೇ ಎಂದು ಗುರುತು ಹಾಕಿ. ನನ್ನ ಹಳೆಯ ನೋಟ್‌ಬುಕ್ಕಿನ ಗುರುತುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವೇ. ಕೊನೆಯಲ್ಲಿ ಅದೇ ತುಣುಕನ್ನು ಹಾಕಿಕೊಂಡು, ಮಾತನಾಡುವವರ ಬೆನ್ನಹಿಂದೆಯೇ ನೆರಳಿನಂತೆ ಹೇಳುತ್ತಾ ಹೋಗಿ.

ಉಳಿದ ಕಾಲು ಗಂಟೆ ಬಾಯಿಗೆ ಸೇರಿದ್ದು. ನ್ಯೂಜಿಲೆಂಡಿನ ಭಾಷಾವಿದ್ವಾಂಸ ಪಾಲ್ ನೇಷನ್ ಅವರ ಬರಹಗಳಿಂದ ಶಿಕ್ಷಕರಿಗೆ ಪರಿಚಿತವಾದ ಒಂದು ಕ್ರಮವಿದೆ: ಒಂದೇ ವಿಷಯವನ್ನು ಮೊದಲು 4 ನಿಮಿಷ, ನಂತರ 3 ನಿಮಿಷ, ಕೊನೆಗೆ 2 ನಿಮಿಷಗಳಲ್ಲಿ, ಪ್ರತಿ ಸಲವೂ ಬೇರೆ ಕೇಳುಗರಿಗೆ ಹೇಳುವುದು. ಕೇಳುಗರು ಸಿಗದಿದ್ದರೆ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಮೊದಲ ಸಲ ಪದಗಳಿಗಾಗಿ ತಡಕಾಡಿದವರು ಮೂರನೆಯ ಸಲಕ್ಕೆ ಅದೇ ವಾಕ್ಯಗಳನ್ನು ಸರಾಗವಾಗಿ ಜೋಡಿಸುತ್ತಾರೆ. ವಿಷಯ ದೊಡ್ಡದಾಗಿರಬೇಕಿಲ್ಲ. ಹೊಸಬರು ಭೇಟಿಯಾದಾಗ ನಮ್ಮನ್ನು ಕೇಳುವ ಪ್ರಶ್ನೆಗಳು ಬೆರಳೆಣಿಕೆಯಷ್ಟು: ಕೆಲಸವೇನು, ಮನೆಯಲ್ಲಿ ಯಾರಿದ್ದಾರೆ, ಫ್ರೆಂಚ್ ಏಕೆ ಕಲಿಯುತ್ತಿದ್ದೀರಿ. ಮೊದಲು ಇವುಗಳಿಗೆ ಉತ್ತರ ಸಿದ್ಧವಾಗಲಿ. ಲಿಂಗ ತಪ್ಪಿತೆಂದು ವಾಕ್ಯದ ನಡುವೆ ನಿಲ್ಲಬೇಡಿ. ಮುಗಿಸಿ, ಧ್ವನಿಮುದ್ರಣ ಕೇಳುವಾಗ ತಿದ್ದಿಕೊಳ್ಳಿ. ಒಂದು ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿದು ತಿದ್ದುವುದು ಒಳ್ಳೆಯದು.

ಯೋಚಿಸಲು ಸಮಯ ಬೇಕಾದಾಗ ಮೌನವಾಗುವ ಬದಲು ‘ಆಲೋರ್’, ‘ಆಂ ಫೆತ್’, ‘ಕೊಮಾಂ ದೀರ್’ ಎಂಬ ಪದಗಳನ್ನು ಬಳಸಿ. ನಮ್ಮ ‘ಹಾಗಾದರೆ’, ‘ನಿಜ ಹೇಳಬೇಕೆಂದರೆ’, ‘ಹೇಗೆ ಹೇಳಲಿ’ ಎಂಬವುಗಳ ಕೆಲಸವನ್ನೇ ಅವು ಮಾಡುತ್ತವೆ. ಇವು ಬಾಯಲ್ಲಿದ್ದರೆ ಎದುರಿನವರು ಕಾಯುತ್ತಾರೆ. ಮೌನ ಉದ್ದವಾದಾಗ ಒಳ್ಳೆಯ ಮನಸ್ಸಿನಿಂದಲೇ ಅನೇಕರು ಇಂಗ್ಲಿಷಿಗೆ ಹೊರಳಿಬಿಡುತ್ತಾರೆ, ಅಲ್ಲಿಗೆ ನಮ್ಮ ಅಭ್ಯಾಸದ ಅವಕಾಶ ಮುಗಿಯುತ್ತದೆ. ಹಾಗಾದಾಗ ಹೇಳಬೇಕಾದ ವಾಕ್ಯ ಈಗ ತೆರೆಯ ಮೇಲಿದೆ. ವಿಡಿಯೋವನ್ನು ಇಲ್ಲೇ ನಿಲ್ಲಿಸಿ, ಗಟ್ಟಿಯಾಗಿ ಹತ್ತು ಸಲ ಹೇಳಿ.

[ತೆರೆಯ ಮೇಲೆ: ಜ ಪ್ರೆಫೆರ್ ಕೊಂತಿನ್ಯುಯೆ ಆಂ ಫ್ರಾಂಸೆ, ಸಿ ಸಾ ನ ವು ದೆರಾಂಜ್ ಪಾ.
‘ನಿಮಗೆ ತೊಂದರೆ ಇಲ್ಲದಿದ್ದರೆ ಫ್ರೆಂಚಿನಲ್ಲೇ ಮುಂದುವರಿಸೋಣ.’]