ಎಣ್ಣೆ ಬೇರೆ, ನೀರು ಬೇರೆ

ಕೇಳುಗರಿಗೆ ನಮಸ್ಕಾರ. ಊಟ ಮುಗಿಸಿ ರೇಡಿಯೋ ಹಾಕಿಕೊಂಡು ಕೂತಿದ್ದೀರಿ ಅಂದುಕೊಳ್ಳುತ್ತೇನೆ. ಒಮ್ಮೆ ಮೂಗಿನ ಮೇಲೆ ಬೆರಳಾಡಿಸಿ. ಜಿಡ್ಡು, ಅಲ್ವಾ? ಈಗ ಕೆನ್ನೆ ಮುಟ್ಟಿ. ಒರಟು. ಇರುವುದು ಒಂದೇ ಮುಖ, ಚರ್ಮ ಮಾತ್ರ ಎರಡು ಥರ.

ಇವತ್ತು ಒಂದೇ ಮಾತು ನೆನಪಿಡಿ. ಎಣ್ಣೆ ಬೇರೆ, ನೀರು ಬೇರೆ. ಹೊಳೆಯುವುದು ಎಣ್ಣೆಯಿಂದ. ಬಿಗಿಯುವುದು, ಹೊಟ್ಟು ಏಳುವುದು ನೀರು ಕಡಿಮೆಯಾಗಿ. ಹಣೆ, ಮೂಗು, ಗದ್ದದಲ್ಲಿ ಎಣ್ಣೆ ಗ್ರಂಥಿಗಳು ಜಾಸ್ತಿ, ಕೆನ್ನೆಯಲ್ಲಿ ಕಡಿಮೆ.

ಕಳೆದ ಚಳಿಗಾಲದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಿದ್ದಳು, ಜೊತೆಗೆ ಅಮ್ಮ. "ಡಾಕ್ಟ್ರೇ, ಇವಳ ಮುಖದಲ್ಲಿ ಬೋಂಡಾ ಕರೀಬಹುದು" ಅಂದರು ಆ ತಾಯಿ. ಹುಡುಗಿ ತಲೆ ಎತ್ತಲಿಲ್ಲ. ಮೂಗಿಗೆ ಟಿಶ್ಯೂ ಒತ್ತಿದೆ. ಬೋಂಡಾ ಕಟ್ಟಿದ ಕಾಗದದ ಹಾಗೇ ಆಯಿತು, ನಿಜ. ಆದರೆ ಕೆನ್ನೆಯ ಮೇಲೆ ಉಗುರು ಎಳೆದರೆ ಬಿಳಿ ಗೆರೆ!

"ದಿನಕ್ಕೆ ಎಷ್ಟು ಸಲ ಮುಖ ತೊಳೀತೀಯಮ್ಮ?"

"ಏಳು ಸಲ ಸರ್. ಮೈ ಸೋಪಲ್ಲಿ."

ರಾತ್ರಿ ಬೇರೆ ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಉಜ್ಜುತ್ತಿದ್ದಳಂತೆ. ಹುಳಿ ಎಷ್ಟು, ಕ್ಷಾರ ಎಷ್ಟು ಅಂತ ಹೇಳುವ ಅಳತೆ ಪಿಎಚ್; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಚರ್ಮದ ಪಿಎಚ್ 5ರ ಆಸುಪಾಸು. ಸೋಪಿನದು 9, 10. ನಿಂಬೆರಸದ್ದು 2. ಪಾಪ, ಆ ಮುಖ ಏನು ಮಾಡಬೇಕು? ಚರ್ಮದ ಮೇಲ್ಪದರದ ಸಂದುಗಳಲ್ಲಿ ಕೊಬ್ಬಿನ ಗಾರೆ ಇರುತ್ತದೆ. ಒಳಗಿನ ನೀರನ್ನು ಹಿಡಿದಿಡುವುದು ಅದೇ. ಸೋಪು ಅದನ್ನೂ ತೊಳೆದು ಹಾಕುತ್ತದೆ. ಮೂಗಿನ ಗ್ರಂಥಿ ಮಾತ್ರ ಸುಮ್ನೆ ಕೂರುವುದಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಜಿಡ್ಡು.

ದಿನಕ್ಕೆ ಎರಡೇ ಸಲ, ಸೌಮ್ಯವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು ಅಂದೆ. ಒರೆಸಿದ ಮೇಲೆ ಮುಖ ಇನ್ನೂ ಹಸಿ ಇರುವಾಗಲೇ ಗ್ಲಿಸರಿನ್ ಇರುವ ತೆಳು ಮಾಯಿಶ್ಚರೈಸರ್ ಹಚ್ಚು ಅಂದೆ. "ಜಿಡ್ಡು ಮುಖಕ್ಕೆ ಕ್ರೀಮಾ?" ಅಮ್ಮ ನನ್ನನ್ನೇ ಅನುಮಾನದಿಂದ ನೋಡಿದರು. ಈ ಪ್ರಶ್ನೆ ಕೇಳಿ ಕೇಳಿ ನನಗೂ ಸಾಕಾಗಿದೆ. ಎಣ್ಣೆ ಬೇರೆ, ನೀರು ಬೇರೆ ತಾಯಿ! ಒಂದು ತಿಂಗಳಿಗೆ ಹೊಟ್ಟು ಹೋಯಿತು. ಮೂಗು ಹೊಳೆಯುತ್ತಲೇ ಇತ್ತು. ಹದಿನೇಳರ ಮೂಗು, ಹೊಳೆಯಲಿ ಬಿಡಿ.

ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ. ಸನ್‌ಸ್ಕ್ರೀನ್ ಜೆಲ್ ಥರದ್ದು ಸಾಕು. ಮೂಗಿನ ಪಕ್ಕ, ಹುಬ್ಬಿನಲ್ಲಿ ಕೆಂಪಾಗಿ ಜಿಡ್ಡು ಹೊಟ್ಟು ಏಳುತ್ತಿದ್ದರೆ ಅದು ಬರೀ ಒಣಚರ್ಮ ಅಲ್ಲದೆ ತಲೆಹೊಟ್ಟಿನ ಬಳಗದ ತೊಂದರೆ ಇರಬಹುದು. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಆ ತೊಂದರೆಯ ಹಿಂದಿರುವ ಶಿಲೀಂಧ್ರಕ್ಕೆ ಅದೇ ಊಟ. ಚರ್ಮದ ಡಾಕ್ಟರಿಗೆ ತೋರಿಸಿ. ನಮಸ್ಕಾರ.